ಬಿಟ್ಟುಹೋದವರ ಸಾಮಾನು ಯಾರದು?

ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದನ್ನು ಮುಟ್ಟಿಕೊಂಡೇ ಹೋಗುತ್ತದೆ. ಬಸವಕಲ್ಯಾಣದವರಿಗೆ ಸಸ್ತಾಪುರ ಬಂಗ್ಲಾದವರೆಗೆ ಬಂದರೆ ಸಾಕು, ಅದೇ ರಸ್ತೆ. ದುಡಿಮೆ ಹುಡುಕಿ ಹೊರಡುವುದು ಈ ಎರಡೂ ಊರುಗಳಲ್ಲಿ ಹೊಸ ಮಾತಲ್ಲ. ಹೊರಡುವುದು ಸುಲಭ, ಹೊತ್ತೊಯ್ಯುವುದು ಕಷ್ಟ. ಹೀಗಾಗಿ ಯಾವ ಓಣಿಗೆ ಹೋದರೂ ಒಂದಲ್ಲ ಒಂದು ಮನೆಯಲ್ಲಿ, ಈಗ ಅಲ್ಲಿಲ್ಲದವರ ಟ್ರಂಕೋ ಭಾಂಡೆ ತುಂಬಿದ ಚೀಲವೋ ಇದ್ದೇ ಇರುತ್ತದೆ. ಅದು ಹಿಸ್ಸೆಯಾಗಿ ಬೇರೆ ಹೋದ ತಮ್ಮನದಿರಬಹುದು, ಕೋಣೆಗೆ ಕೀಲಿ ಹಾಕಿ ಹೋಗಿ ಮರಳದ ಬಾಡಿಗೆ ಹುಡುಗನದಿರಬಹುದು, ತವರಿಗೆ ಹೋಗಿ ಅಲ್ಲೇ ಉಳಿದ ಸೊಸೆಯದಿರಬಹುದು. ಆ ಸಾಮಾನಿನ ಮೇಲೆ ಮನೆಯಲ್ಲಿ ಉಳಿದವರಿಗೆ ಯಾವ ಹಕ್ಕಿದೆ? ಕಾಯುವ ಹೊಣೆ ಇದೆ, ಹಕ್ಕು ಇಲ್ಲ ಎಂಬುದು ನನ್ನ ನಿಲುವು. ಆ ಹೊಣೆ ಕೊನೆಗಾಣಬೇಕಾದರೂ ಹೋದವರನ್ನು ಕೇಳಿಯೇ ಕೊನೆಗಾಣಬೇಕು.

‘ಬೇಕಿದ್ದರೆ ಒಯ್ಯುತ್ತಿದ್ದರಲ್ಲ’ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ನ್ಯಾಯದ ಮಾತಿನಂತೆ ಕೇಳಿಸುವ ಇದು ನ್ಯಾಯದ್ದಲ್ಲ. ಜಗಳವಾಡಿ ರಾತ್ರಿ ಹೊರಬಿದ್ದವಳು ಮಗುವನ್ನು ಎತ್ತಿಕೊಳ್ಳುತ್ತಾಳೆ, ಅಲ್ಮಾರಿಯನ್ನಲ್ಲ. ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟವನು ಮುಖ ತೋರಿಸಲಾರದೆ ಹೋಗುತ್ತಾನೆ. ಬಿಟ್ಟುಹೋದರು ಎಂಬುದರಿಂದ ಬೇಡವೆಂದರು ಎಂದು ತಿಳಿಯುವುದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಅರ್ಥ.

ಈ ನೆಲದಲ್ಲೇ ಇದಕ್ಕೊಂದು ಹಳೆಯ ಅಳತೆಗೋಲಿದೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಹೆಂಡತಿ ಮಹಾದೇವಿಯೊಂದಿಗೆ ಕಲ್ಯಾಣಕ್ಕೆ ಬಂದು, ಸೌದೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಹುಮನಾಬಾದ್ ತಾಲೂಕಿನ ಮೋಳಕೇರಾದಲ್ಲಿ ಇಂದಿಗೂ ಅವನ ಗವಿ ತೋರಿಸುತ್ತಾರೆ. ಅವನಿಲ್ಲದ ಹೊತ್ತಿನಲ್ಲಿ ಬಸವಣ್ಣ ಜಂಗಮನಾಗಿ ಮನೆಗೆ ಬಂದು, ಅಂಬಲಿ ಉಂಡು, ಹೊನ್ನಿನ ಗಂಟು ಬಿಟ್ಟುಹೋದನಂತೆ. ಮಾರಯ್ಯ ಅದನ್ನು ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿಬಿಟ್ಟ. ಸೌದೆ ಮಾರುವವನ ಮನೆಗೆ ಆ ಹೊನ್ನು ಬೇಡವಾಗಿತ್ತೇ? ಕೊಡಬೇಕೆಂದೇ ಬಿಟ್ಟುಹೋದದ್ದನ್ನೂ ಅವನು ತನ್ನದೆನ್ನಲಿಲ್ಲ. ಕೊಟ್ಟೆನೆಂದು ಯಾರೂ ಹೇಳದ ಸಾಮಾನನ್ನು ನಾವು ನಮ್ಮದೆನ್ನುತ್ತೇವೆ. ದಾರಿಯಲ್ಲಿ ಬಿದ್ದ ಹೊನ್ನು ವಸ್ತ್ರವನ್ನು ಮುಟ್ಟಿ ಎತ್ತುವುದಿಲ್ಲವೆಂದು ಶರಣೆ ಸತ್ಯಕ್ಕ ಆಣೆಯಿಟ್ಟು ಹೇಳಿದ್ದೂ ಇದೇ ಪರಂಪರೆಯಲ್ಲಿ.

ಕಾನೂನೂ ಇದರಿಂದ ದೂರವಿಲ್ಲ. ಕಳೆದುಹೋದ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನು ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವನಷ್ಟೇ ಹೊಣೆಗಾರ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನ ಪ್ರಕಾರ, ಒಡೆಯ ಯಾರೆಂದು ಗೊತ್ತಿದ್ದೂ ಅಂಥ ವಸ್ತುವನ್ನು ನುಂಗಿಕೊಂಡರೆ ಅದು ಅಪರಾಧ. ಹಾದಿಯಲ್ಲಿ ಸಿಕ್ಕಿದ್ದಕ್ಕೇ ಇಷ್ಟು ಬಿಗಿಯಿದ್ದರೆ, ಒಂದೇ ಸೂರಿನಡಿ ಉಂಡು ಮಲಗಿದವರ ಸಾಮಾನಿಗೆ ಎಷ್ಟಿರಬೇಡ?

ಸೊಸೆಯ ಸಾಮಾನಿನ ವಿಷಯದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಸ್ತ್ರೀಧನ ಸಂಪೂರ್ಣ ಅವಳದೇ, ಗಂಡನ ಮನೆ ಅದರ ಕಾವಲುಗಾರ ಮಾತ್ರ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ಅದನ್ನು ಮರಳಿಸದೆ ಇಟ್ಟುಕೊಳ್ಳುವುದು ದಿನವೂ ಮುಂದುವರಿಯುವ ತಪ್ಪು, ವರ್ಷಗಳು ಕಳೆದವೆಂದು ಅವಳ ದೂರನ್ನು ತಳ್ಳಿಹಾಕುವಂತಿಲ್ಲ ಎಂದು 2015ರಲ್ಲಿ ಅದೇ ಕೋರ್ಟ್ ತೀರ್ಪಿತ್ತಿತು. ಮುಸ್ಲಿಂ ಹೆಣ್ಣುಮಗಳಿಗೂ, ತಲಾಖ್ ಆದಾಗ, ಮದುವೆಯ ವೇಳೆ ಬಂದ ಸಾಮಾನನ್ನು ಮರಳಿ ಪಡೆಯುವ ಹಕ್ಕನ್ನು 1986ರ ಕಾಯ್ದೆ ಕೊಟ್ಟಿದೆ. ಆದರೂ ಪಂಚರು ಕೂತಾಗ ಬಂಗಾರದ ಮಾತು ಬರುತ್ತದೆ, ಭಾಂಡೆಯ ಮಾತು ಬರುವುದಿಲ್ಲ. ಅವಳ ತಾಯಿ ವರ್ಷಗಟ್ಟಲೆ ಒಂದೊಂದಾಗಿ ಕೂಡಿಸಿದ ಬೋಗೋಣಿಗಳಲ್ಲಿ ಇನ್ನೊಬ್ಬಳು ಅಡುಗೆ ಮಾಡುತ್ತಿರುತ್ತಾಳೆ. ಇದನ್ನು ಸಣ್ಣ ವಿಷಯವೆನ್ನುವವರ ಮಾತನ್ನು ನಾನು ಒಪ್ಪಲಾರೆ.

ಇನ್ನೊಂದು ಸಂಗತಿಯನ್ನು ಈ ಭಾಗದವರು ಮರೆಯುವಂತಿಲ್ಲ. 1948ರಲ್ಲಿ, ಬಸವಕಲ್ಯಾಣವನ್ನು ಇನ್ನೂ ಕಲ್ಯಾಣಿ ಎನ್ನುತ್ತಿದ್ದ ಕಾಲದಲ್ಲಿ, ನಿಜಾಮನ ಪರವಾಗಿದ್ದ ರಜಾಕಾರರು ಗೋರಟಾ ಹಳ್ಳಿಯಲ್ಲಿ ಹತ್ಯಾಕಾಂಡ ನಡೆಸಿದರು. ಅವರಿಗೆ ಹೆದರಿ ಹಿಂದೂ ಕುಟುಂಬಗಳು ಮನೆ ತೊರೆದವು. ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ನಡೆಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಂ ಕುಟುಂಬಗಳ ಸರದಿ ಬಂತು. ಆಗ ನಡೆದ ಕೊಲೆ, ಲೂಟಿಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು ಎಂದು ಪಂಡಿತ ಸುಂದರಲಾಲ್ ಸಮಿತಿ ವರದಿ ಮಾಡಿತು. ಹೋದವರ ಮನೆಯಲ್ಲಿರುವುದು ಉಳಿದವರದು ಎಂಬ ವಾದ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಗುವುದಿಲ್ಲ.

ಉಳಿದವರ ಕಷ್ಟವೂ ನಿಜ. ಎರಡು ಕೋಣೆಯ ಮನೆಯಲ್ಲಿ ಇನ್ನೊಬ್ಬರ ಮಂಚ ಎಷ್ಟು ವರ್ಷ ಇಟ್ಟುಕೊಳ್ಳುವುದು? ಹೊಡೆದು ಬಡಿದು ಹೋದ ಗಂಡನ ಅಂಗಿಗಳನ್ನು ದಿನವೂ ಯಾಕೆ ನೋಡಬೇಕು? ನೋಡಬೇಕಾಗಿಲ್ಲ. ಹೊಣೆ ಎಂದರೆ ಸೆರೆಯಲ್ಲ. ಸಾಮಾನಿನ ಫೋಟೊ ತೆಗೆದು, ಇಬ್ಬರ ಎದುರಿಗೆ ಯಾದಿ ಬರೆದು, ಇಂಥ ತಾರೀಕಿನೊಳಗೆ ಒಯ್ಯಿರಿ ಎಂದು ಬರಹದಲ್ಲಿ ತಿಳಿಸಬೇಕು. ಎದುರು ಬಂದರೆ ಜಗಳವಾಗುವಂತಿದ್ದರೆ ನೆಂಟರೊಬ್ಬರ ಕೈಯಲ್ಲೋ ಠಾಣೆಯ ಮೂಲಕವೋ ಮುಟ್ಟಿಸಬೇಕು. ಹೇಳಿದರೂ, ಕಾದರೂ ಉತ್ತರ ಬಾರದಿದ್ದರೆ ಹಳೆ ಹಾಸಿಗೆಯನ್ನು ಹೊರಹಾಕಿದವರನ್ನು ಯಾರೂ ದೂರಲಾರರು. ಕೇಳದೆ ಹೊರಹಾಕುವುದಕ್ಕೂ ಕೇಳಿ ಹೊರಹಾಕುವುದಕ್ಕೂ ಇರುವ ಅಂತರವೇ ನನ್ನ ಇಡೀ ವಾದ.

ಕಾಗದಪತ್ರಗಳಿಗೆ ಮಾತ್ರ ಈ ಕಾಯುವ ನಿಯಮವೂ ಬೇಡ, ಅವನ್ನು ತಕ್ಷಣ ಮರಳಿಸಬೇಕು. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಹುಡುಗ ಹುಡುಗಿಯರಿಗೆ ಸ್ಥಳೀಯ ವೃಂದದ ಅರ್ಹತಾ ಪತ್ರ ಎಂದರೆ ಸೀಟು, ನೌಕರಿ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಕಾರ್ಡು ಇಟ್ಟುಕೊಂಡರೆ ಮನೆ ಮಾಲೀಕನ ಬಾಕಿ ವಸೂಲಾಗುವುದಿಲ್ಲ. ಅರ್ಜಿ ಹಾಕುವ ಕೊನೆಯ ದಿನ ಮಾತ್ರ ತಪ್ಪುತ್ತದೆ. ಬಾಕಿ ಇದ್ದರೆ ಬಾಕಿ ಕೇಳಲಿ, ಬೇಕಾದರೆ ಕೋರ್ಟಿಗೆ ಹೋಗಲಿ. ಒಬ್ಬರ ಓದಿನ ಪುರಾವೆಯನ್ನು ಒತ್ತೆ ಇಟ್ಟುಕೊಳ್ಳುವುದು ಅನ್ಯಾಯ.

ನಿಮ್ಮ ಮನೆಯ ಅಟ್ಟದ ಮೇಲೂ ಅಂಥದೊಂದು ಟ್ರಂಕು ಇದ್ದೀತು. ದಯವಿಟ್ಟು ಈ ವಾರ ಇಳಿಸಿ ನೋಡಿ. ಕಾಗದಗಳಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಉಳಿದದ್ದಕ್ಕೆ ಒಂದು ಫೋನ್ ಮಾಡಿ ಕೇಳಿ.