ಚಾಳಿಯಲ್ಲದ ಚಾಳಿ

ಮಕ್ಕಳನ್ನು ಹಳಿಯುವುದಕ್ಕೆ ನಮ್ಮ ನುಡಿಯಲ್ಲಿ ಪದಗಳ ಕೊರತೆ ಎಂದೂ ಇಲ್ಲ. ‘ಚಾಳಿ’ ಎಂಬುದು ಅವುಗಳಲ್ಲೊಂದು. ಹುಡುಗ ಮೇಲಿಂದ ಮೇಲೆ ಕಣ್ಣು ಮಿಟುಕಿಸಿದರೆ ಚಾಳಿ. ಹೆಗಲು ಕುಣಿಸಿದರೆ, ಗಂಟಲು ಕ್ಯಾಕರಿಸಿದರೆ ಅದೂ ಚಾಳಿ. ಚಾಳಿಯೆಂದ ಮೇಲೆ ತಪ್ಪು ಹುಡುಗನದು, ತಿದ್ದುವ ಹಕ್ಕು ನಮ್ಮದು. ದೊಡ್ಡವರ ರೆಪ್ಪೆ ಅದುರಿದರೆ ಮಾತ್ರ ಎಡ ಬಲ ಲೆಕ್ಕಹಾಕಿ ಶಕುನ ಹೇಳುತ್ತೇವೆ!

ವೈದ್ಯರು ಇದನ್ನು ‘ಟಿಕ್’ ಎನ್ನುತ್ತಾರೆ. 1885ರಲ್ಲಿ ಪ್ಯಾರಿಸ್ಸಿನ ಜಿಲ್ ದ ಲಾ ಟೂರೆಟ್ ಒಂಬತ್ತು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಹಲವು ಅಂಗಚಲನೆಗಳೂ ಒಂದಾದರೂ ಧ್ವನಿಯೂ ಕೂಡಿ ವರ್ಷಕ್ಕೆ ಮೀರಿ ಉಳಿಯುವ ಬಗೆಗೆ ಇಂದಿಗೂ ಅವನ ಹೆಸರೇ. ಟಿಕ್ ಸಾಮಾನ್ಯವಾಗಿ ಐದಾರರ ವಯಸ್ಸಿನಲ್ಲಿ ತಲೆದೋರಿ, 10-12ರಲ್ಲಿ ಉಲ್ಬಣಿಸಿ, ಹರೆಯ ಕಳೆಯುವ ವೇಳೆಗೆ ಬಹುಮಂದಿಯಲ್ಲಿ ತಗ್ಗುತ್ತದೆ. ನಡುವೆ ಏರುವುದು, ಇಳಿಯುವುದು, ಒಂದು ಹೋಗಿ ಮತ್ತೊಂದು ಬರುವುದು ಅದರ ಸ್ವಭಾವ. ಆದ್ದರಿಂದಲೇ ಮನೆಯವರು ಕನ್ನಡಕ ಹಾಕಿಸಿ, ಕೆಮ್ಮಿನ ಔಷಧಿ ಕುಡಿಸಿ, ಕಡೆಗೆ ದೃಷ್ಟಿ ತೆಗೆಯುತ್ತಾರೆ. ಟಿಕ್ ತಾನಾಗಿ ಇಳಿದರೆ ಕೀರ್ತಿಯೆಲ್ಲ ಕಡೆಯ ಚಿಕಿತ್ಸೆಗೆ.

‘ಗದರಿದರೆ ತಡೆಯುತ್ತಾನಲ್ಲ, ಬೇಕೆಂದೇ ಮಾಡುತ್ತಾನೆ’ ಎಂಬುದು ನಮ್ಮ ಅಧ್ಯಾಪಕ ವರ್ಗದ ವಾದ. ಸೀನನ್ನೂ ನಾವು ಕ್ಷಣಕಾಲ ತಡೆಯಬಲ್ಲೆವು. ಅಷ್ಟರಿಂದ ಸೀನು ದುರ್ಗುಣವಾದೀತೆ? ಟಿಕ್ಕಿಗೆ ಮುನ್ನ ಒಳಗೊಂದು ತುಡಿತ ಹುಟ್ಟುವುದನ್ನು ಅನೇಕ ಮಕ್ಕಳು ಬಲ್ಲರು. ಅದನ್ನು ಅದುಮುವುದರಲ್ಲೇ ಮನಸ್ಸೆಲ್ಲ ವ್ಯಯವಾದವನಿಗೆ ನಾವು ಬೋಧಿಸುವ ಪಾಠ ಕೇಳಿಸುವುದಾದರೂ ಹೇಗೆ? ತರಗತಿಯಲ್ಲಿ ಅದುಮಿದ್ದು ಮನೆಯ ಹೊಸ್ತಿಲು ದಾಟಿದೊಡನೆ ಹೊರಬೀಳುವುದುಂಟು. ‘ಶಾಲೆಯಲ್ಲಿ ಸರಿಯಾಗಿರುವವನಿಗೆ ಮನೆಯಲ್ಲೇನು ರೋಗ?’ ಎಂದು ತಾಯಿ ಕೇಳಿದರೆ ಉತ್ತರ ಇದೇ. ಬಳಲಿಕೆ, ಆತಂಕಗಳಿಂದ ಅದು ಹೆಚ್ಚುತ್ತದೆ. ರಾಜಾಜಿನಗರ, ವಿಜಯನಗರಗಳಲ್ಲಿ ಶಾಲೆ ಬಿಟ್ಟೊಡನೆ ಟ್ಯೂಷನ್ನಿನ ಮೆಟ್ಟಿಲೇರುವ ಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸೌಮ್ಯವಾದ ಟಿಕ್ಕಿಗೆ ಹೆಚ್ಚಿನ ಚಿಕಿತ್ಸೆಯೇ ಬೇಡ. ಎತ್ತಿ ಆಡದಿರುವುದು, ನಗುವ ಸಹಪಾಠಿಗಳನ್ನು ಸುಮ್ಮನಿರಿಸುವುದು, ಬೇಕಾದಾಗ ಐದು ನಿಮಿಷ ಹೊರಹೋಗಲು ಬಿಡುವುದು, ಇಷ್ಟು ಸಾಕು. ನೋವಾದರೆ, ಓದಿಗೆ ಅಡ್ಡಿಯಾದರೆ, ತುಡಿತವನ್ನು ಗುರುತಿಸಿ ಅದಕ್ಕೆ ಎದುರಾದ ಚಲನೆಯನ್ನು ಅಭ್ಯಾಸ ಮಾಡಿಸುವ ತರಬೇತಿಯುಂಟು. ಕೆಲವರಿಗೆ ಔಷಧಿಯೂ ಬೇಕಾದೀತು. ಜೊತೆಗೆ ಚಂಚಲತೆಯೋ ಬಿಡದ ಗೀಳೋ ಇದ್ದರೆ ಟಿಕ್ಕಿಗಿಂತ ಅದೇ ಹೆಚ್ಚು ಕಾಡುವುದುಂಟು. ಚಲನೆಯ ನಡುವೆ ಪ್ರಜ್ಞೆ ತಪ್ಪಿದರಂತೂ ಅದು ಬೇರೆಯೇ ವಿಷಯ. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ನಮ್ಮ ಊರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಕೆಂಗೇರಿಯಿಂದ ಅಲ್ಲಿಗೆ ಹೋಗಿಬರಲು ಒಂದು ದಿನ ಹಿಡಿದೀತು. ಮೊದಲ ವಿಚಾರಣೆಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲಿಯೇ ಕರೆಮಾಡಬಹುದು.