ಉದ್ಯಾನವೆಂಬ ಹೆಸರು ನೀರನ್ನು ಕಾಯುವುದೇ?



ಒಂದು ಕಾಡನ್ನು ಉದ್ಯಾನವೆಂದು ಘೋಷಿಸಿದರೆ ಅಲ್ಲಿನ ನೀರು, ಮರ, ಜೀವಜಂತುಗಳೆಲ್ಲ ಸುರಕ್ಷಿತವಾದವೆಂದು ನಂಬಿಸುವವರು ನಮ್ಮ ನಡುವೆ ಅನೇಕರಿದ್ದಾರೆ. ಅವರು ಮಾದರಿಯಾಗಿ ತೋರಿಸುವುದು ಅಮೆರಿಕವನ್ನು. ಆ ಮಾದರಿಯನ್ನೇ ಪರೀಕ್ಷಿಸೋಣ.

ಅಮೆರಿಕದ ಉತ್ತರದಂಚಿನಲ್ಲಿ, ಕೆನಡಾಕ್ಕೆ ತಾಗಿಕೊಂಡು ಮಿನ್ನೆಸೋಟ ರಾಜ್ಯವಿದೆ. ಪಶ್ಚಿಮ ಮತ್ತು ದಕ್ಷಿಣದಲ್ಲಿ ಹುಲ್ಲುಬಯಲು, ಈಶಾನ್ಯದಲ್ಲಿ ಪೈನ್ ಕಾಡು, ಹಿಮಯುಗವು ಬಿಟ್ಟುಹೋದ ಹತ್ತು ಸಾವಿರಕ್ಕೂ ಹೆಚ್ಚು ಸರೋವರಗಳು. ಮಿಸಿಸಿಪ್ಪಿ ನದಿ ಹೊರಡುವುದು ಇಲ್ಲಿಯ ಇಟಾಸ್ಕಾ ಸರೋವರದಿಂದ. 1891ರಲ್ಲಿ ಈ ಪ್ರದೇಶವನ್ನು ರಾಜ್ಯ ಉದ್ಯಾನವನ್ನಾಗಿಸುವ ಮಸೂದೆ ಒಂದೇ ಮತದ ಅಂತರದಿಂದ ಗೆದ್ದಿತು. ಆದರೆ ಕೊಡಲಿ ನಿಲ್ಲಲಿಲ್ಲ. ದಿಮ್ಮಿ ತೇಲಿಸಲು ಕಂಪನಿ ಹಾಕಿದ ಅಡ್ಡಕಟ್ಟೆಯಿಂದ ಸರೋವರದ ನೀರು ಏರಿತು. 1903ರಲ್ಲಿ ಉದ್ಯಾನದ ಆಯುಕ್ತೆಯಾದ ಇಪ್ಪತ್ತನಾಲ್ಕರ ಹರೆಯದ ಮೇರಿ ಗಿಬ್ಸ್ ತೂಬು ತೆರೆಯಿರೆಂದಾಗ ಕಂಪನಿಯ ಆಳುಗಳು ಬಂದೂಕು ತೋರಿಸಿದರು. ಕೆಲವೇ ತಿಂಗಳಲ್ಲಿ ಅವರ ಅಧಿಕಾರ ಮುಗಿಯಿತು. ಮರ ಕಡಿಯುವುದು ವರ್ಷಗಟ್ಟಲೆ ಮುಂದುವರಿಯಿತು. ಘೋಷಣೆ ಯಾರನ್ನು ಕಾಯಿತು?

ಇನ್ನು ಕಾಡುಭತ್ತದ ಮಾತು. ಅಲ್ಲಿನ ಆಳವಿಲ್ಲದ ಸರೋವರಗಳಲ್ಲಿ ತಾನಾಗಿ ಬೆಳೆಯುವ ಈ ಧಾನ್ಯವನ್ನು ಒಜಿಬ್ವೆ ಜನರು ಮನೋಮಿನ್ ಎನ್ನುತ್ತಾರೆ. ದೋಣಿಯಲ್ಲಿ ಒಬ್ಬರು ಗಳು ಹಾಕಿ ಮುನ್ನಡೆಸಿದರೆ ಇನ್ನೊಬ್ಬರು ಕೋಲುಗಳಿಂದ ತೆನೆ ಬಗ್ಗಿಸಿ ಕಾಳು ಉದುರಿಸುತ್ತಾರೆ; ನೀರಿಗೆ ಬಿದ್ದದ್ದು ಮುಂದಿನ ವರ್ಷದ ಬೀಜ. ಗಣಿಗಳಿಂದ ಹರಿದುಬರುವ ಸಲ್ಫೇಟು ಕೆಸರಿನಲ್ಲಿ ಸಲ್ಫೈಡಾಗಿ ಮಾರ್ಪಟ್ಟು ಈ ಬೆಳೆಯ ಬೇರಿಗೆ ವಿಷವಾಗುತ್ತದೆ. ಆದಕಾರಣ 1973ರಲ್ಲಿಯೇ ರಾಜ್ಯವು ಕಾಡುಭತ್ತದ ನೀರಿಗೆ ಲೀಟರಿಗೆ 10 ಮಿಲಿಗ್ರಾಂ ಸಲ್ಫೇಟಿನ ಮಿತಿ ವಿಧಿಸಿತು. ದಶಕಗಳ ಕಾಲ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಗಣಿಯ ನೀರು ಉದ್ಯಾನದ ಗಡಿಕಲ್ಲು ನೋಡಿ ಹಿಂದಿರುಗುವುದಿಲ್ಲ. ಮೇಲಿನ ಗಣಿಯನ್ನು ಪ್ರಶ್ನಿಸದೆ ಕೆಳಗಿನ ಸರೋವರಕ್ಕೆ ಫಲಕ ನೆಟ್ಟು ಪ್ರಯೋಜನವೇನು?

ಹುಲ್ಲುಬಯಲಿನ ಕಥೆ ಇನ್ನೂ ಕಠೋರ. ಮಿನ್ನೆಸೋಟ ನದಿಯ ಕಣಿವೆಯಲ್ಲಿ, ಅಪ್ಪರ್ ಸೂ ಏಜೆನ್ಸಿ ಎಂಬಲ್ಲಿ, 1862ರಲ್ಲಿ ಸರಕಾರದ ಉಗ್ರಾಣದಲ್ಲಿ ಆಹಾರವಿದ್ದೂ ಹಸಿದ ಡಕೋಟಾ ಜನರಿಗೆ ಕೊಡಲಿಲ್ಲ. ಯುದ್ಧವಾಯಿತು; ಅವರನ್ನು ರಾಜ್ಯದಿಂದಲೇ ಹೊರದಬ್ಬಲಾಯಿತು. ನೂರು ವರ್ಷಗಳ ತರುವಾಯ ಅದೇ ನೆಲ ರಾಜ್ಯ ಉದ್ಯಾನವಾಯಿತು. ಪೂರ್ವಜರ ಸಮಾಧಿಗಳಿರುವ ನೆಲಕ್ಕೆ ಕಾಲಿಡಲು ಮೊಮ್ಮಕ್ಕಳು ಪ್ರವೇಶ ಶುಲ್ಕ ತೆರಬೇಕಾಯಿತು! ಅವರು ದಶಕಗಳ ಕಾಲ ಪಟ್ಟು ಬಿಡದೆ ಕೇಳಿದರು. 2023ರಲ್ಲಿ ಶಾಸನವಾಗಿ, 2024ರಲ್ಲಿ ಆ ನೆಲ ಡಕೋಟಾ ಸಮುದಾಯಕ್ಕೆ ಮರಳಿತು. ಅನುಕರಿಸಬೇಕಾದ ಮಾದರಿಯಿದ್ದರೆ ಇದೇ.

ಇವೆಲ್ಲ ನಮಗೆ ಪರಕೀಯವೇ? ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಕುದುರೆಮುಖದ ಶ್ರೇಣಿಯನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಕೊನೆಗೆ, ಅದೂ ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ಆದೇಶದಿಂದ. ಗಣಿಗೆ ವರ್ಷಗಳ ಅವಕಾಶವಿತ್ತ ಅದೇ ಉದ್ಯಾನವು ಒಳಗಿನ ಬಡ ಒಕ್ಕಲುಗಳಿಗೆ ಮಾತ್ರ ಎತ್ತಂಗಡಿಯ ಭಯವನ್ನು ತಂದಿತು.

ಉದ್ಯಾನಗಳೇ ಬೇಡವೆಂಬುದು ನಮ್ಮ ವಾದವಲ್ಲ. ನೀರಿನೊಡನೆ ಬಾಳುವವರನ್ನು ಹೊರಗಿಟ್ಟು, ನೀರನ್ನು ಕೆಡಿಸುವವರನ್ನು ಸಹಿಸಿಕೊಳ್ಳುವ ಉದ್ಯಾನ ಬರಿಯ ಹೆಸರು ಎಂಬುದೇ ನಮ್ಮ ವಾದ. 2006ರ ಅರಣ್ಯ ಹಕ್ಕು ಕಾಯಿದೆಯ 5ನೆಯ ಕಲಮು ಜಲಾನಯನ ಮತ್ತು ನೀರಿನ ಮೂಲಗಳನ್ನು ಕಾಯುವ ಅಧಿಕಾರವನ್ನು ಹಕ್ಕುದಾರರಿಗೂ ಅವರ ಗ್ರಾಮಸಭೆಗೂ ನೀಡಿದೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿರಿ. ನಿಮ್ಮ ಹಳ್ಳದ ಮೇಲ್ಭಾಗದಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಕೇಳಿರಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿರಿ. ಕಾವಲು ಆರಂಭವಾಗುವುದು ಅಲ್ಲಿಂದ.