ನಳಿಗೆಯ ಆಹಾರವೂ ಜೀರ್ಣದ ಮಾತ್ರೆಯೂ

ಆಂಧ್ರದ ಕೌತಾಳಂನ ಕನ್ನಡ ಮನೆಯೊಂದಕ್ಕೆ ಪಾರ್ಶ್ವವಾಯು ಬಡಿದ ಹಿರಿಯರೊಬ್ಬರು ಮೂಗಿನಲ್ಲಿ ಆಹಾರದ ನಳಿಗೆಯೊಡನೆ ಕರ್ನೂಲಿನಿಂದ ಮರಳಿದರೆಂದು ಇಟ್ಟುಕೊಳ್ಳೋಣ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲಿ. ಉಣಿಸಬೇಕಾದ ಸೊಸೆಗೆ ಬರುವುದು ಕನ್ನಡ. ನಾಲ್ಕು ದಿನದಲ್ಲಿ ಹೊಟ್ಟೆ ಉಬ್ಬಿ, ಉಣಿಸಿದ್ದು ವಾಂತಿಯಾದರೆ ಆಕೆ ಔಷಧದಂಗಡಿಯ ಜೀರ್ಣದ ಮಾತ್ರೆಯನ್ನೇ ನಂಬಬೇಕಾಗುತ್ತದೆ. ಇದು ಕಾಸರಗೋಡಿನ ಮನೆಗಳಿಗೂ ಅನ್ವಯಿಸುವ ಮಾತು. ಆದವಾನಿ ಸೀಮೆ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ, ನಮ್ಮ ತಾಲೂಕು 1956ರಲ್ಲಿ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದುವು. ನಾವು ಸಮಾನದುಃಖಿಗಳು.

ಜಠರದ ಚಲನೆಯನ್ನು ಚುರುಕುಗೊಳಿಸುವ ಔಷಧಿಗಳಿವೆ. ವೈದ್ಯರು ಅರಿತು ಕೊಟ್ಟರೆ ಪ್ರಯೋಜನವೂ ಉಂಟು. ಆದರೆ ಮೆಟೊಕ್ಲೊಪ್ರಮೈಡನ್ನು ಬಹುಕಾಲ ಸೇವಿಸಿದರೆ ಮುಖ, ನಾಲಗೆಗಳು ತಾವಾಗಿಯೇ ಆಡತೊಡಗಬಹುದು. ಇದು ಕೆಲವರಿಗೆ ವಾಸಿಯಾಗುವುದೇ ಇಲ್ಲ. ಅಮೆರಿಕದ ಔಷಧಿ ನಿಯಂತ್ರಕರು 2009ರಲ್ಲಿ ಈ ಬಗ್ಗೆ ಕಟ್ಟೆಚ್ಚರಿಕೆ ನೀಡಿದರು. ಯುರೋಪಿನವರು 2013ರಲ್ಲಿ ಅದರ ಬಳಕೆಯನ್ನು 5 ದಿನಗಳಿಗೆ ಮಿತಿಗೊಳಿಸಿದರು. ಡೊಂಪೆರಿಡೋನ್ ಹೃದಯದ ಲಯವನ್ನು ಕೆಡಿಸಬಹುದೆಂದು 2014ರಲ್ಲಿ, ಸಾಮಾನ್ಯವಾಗಿ ವಾರಕ್ಕಿಂತ ಹೆಚ್ಚು ಬೇಡವೆಂದರು. ಎರಿತ್ರೊಮೈಸಿನ್ ಮೂಲತಃ ರೋಗಾಣುನಾಶಕ. ಜಠರದ ಮೇಲೆ ಅದರ ಪ್ರಭಾವ ಕೆಲವೇ ದಿನಗಳಲ್ಲಿ ಕುಗ್ಗುತ್ತದೆ. ಇದನ್ನೂ ಡೊಂಪೆರಿಡೋನನ್ನೂ ಒಟ್ಟಿಗೆ ಕೊಡಲೇಬಾರದು. ಹೀಗಿರುವಾಗ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಅದೇ ಮಾತ್ರೆ ತರುವುದು ಎಷ್ಟು ಸರಿ?

ಮಾತ್ರೆಗೆ ಮೊದಲು ಮಾಡಬೇಕಾದ, ಕಾಸು ಖರ್ಚಿಲ್ಲದ ಕೆಲಸಗಳಿವೆ. ರೋಗಿಯ ತಲೆ, ಬೆನ್ನುಗಳನ್ನು 30ರಿಂದ 45 ಡಿಗ್ರಿಯಷ್ಟು ಎತ್ತರಿಸಿ ಉಣಿಸಬೇಕು. ಉಣಿಸಿದ ಬಳಿಕ ಅರ್ಧ ತಾಸಾದರೂ ಹಾಗೆಯೇ ಇರಿಸಬೇಕು. ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ, ನಿಧಾನವಾಗಿ ಕೊಡಬೇಕು. ಮಲಬದ್ಧತೆಯಿದ್ದರೆ ಹೊಟ್ಟೆ ಉಬ್ಬುವುದು ಸಹಜ. ಅದಕ್ಕೆ ಬೇರೆಯೇ ಚಿಕಿತ್ಸೆ. ಕೆಮ್ಮು, ಏದುಸಿರು ಕಂಡರೆ ಅಥವಾ ನಳಿಗೆ ಜಾರಿದ ಸಂದೇಹವಿದ್ದರೆ ಉಣಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಜಾರಿದ ನಳಿಗೆಯಿಂದ ಆಹಾರ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ.

ಇಷ್ಟನ್ನು ತಿಳಿಸಲು ಒಂದು ಹಾಳೆ ಸಾಕು. ಆದರೆ ಅದು ಉಣಿಸುವವರ ಭಾಷೆಯಲ್ಲಿರಬೇಕು. ಕೇರಳವು 2008ರಲ್ಲೇ ಸಾಂತ್ವನ ಚಿಕಿತ್ಸೆಯ ನೀತಿಯನ್ನು ಪ್ರಕಟಿಸಿ, ದಾದಿಯರು ಮನೆಗೇ ಹೋಗಿ ಆರೈಕೆ ಮಾಡುವ ಕ್ರಮವನ್ನು ಬೆಳೆಸಿದ ರಾಜ್ಯ. ಅವರ ಚೀಲದಲ್ಲಿ ಕನ್ನಡದ ಹಾಳೆಯೊಂದಿರಲಿ. ಆಂಧ್ರದ ಅಧಿಕಾರಿಗಳೂ ಕೌತಾಳಂ, ಆದವಾನಿಗಳ ಕನ್ನಡಿಗರಿಗಾಗಿ ಹೀಗೆಯೇ ಮಾಡಲಿ. ಮಾತ್ರೆಯನ್ನು ಎಷ್ಟು ದಿನ ಕೊಡಬೇಕು, ಎಂದು ನಿಲ್ಲಿಸಬೇಕು ಎಂಬುದನ್ನು ಅದರಲ್ಲಿ ವೈದ್ಯರೇ ಬರೆದುಕೊಡಲಿ. ಭಾಷೆಯ ಹಕ್ಕನ್ನು ಶಾಲೆ, ಕಚೇರಿಗಳಿಗಾಗಿ ಕೇಳುತ್ತಲೇ ಬಂದಿದ್ದೇವೆ. ರೋಗಿಯ ಹಾಸಿಗೆಯ ಬಳಿಯಲ್ಲೂ ಅದನ್ನು ಕೇಳಬೇಕಾಗಿದೆ. ಸಂಬಂಧಪಟ್ಟವರು ಇತ್ತ ಗಮನಹರಿಸುವರೆಂದು ಆಶಿಸುತ್ತೇವೆ.